ಡಬ್ಲ್ಯೂ.ಇ.ಟಿ. ಬ್ಯಾಂಡ್‌ನ ಮೊದಲನೇ ಆಲ್ಬಮ್‌ಗೂ, ನನ್ನ ಜಾಗ ಖಾಲಿ ಇಟ್ಕೊಂಡು ಕಾದೋರಿಗೂ ಥ್ಯಾಂಕ್ಸ್

ಹಾಡ್ದೆ ಕಣ್ರೋ! ಹೋದ ವಾರ ನಮ್ಮ ಬ್ಯಾಂಡ್ ಪ್ರಾಕ್ಟೀಸ್‌ನಲ್ಲಿ ಮೈಕ್ ಮುಂದೆ ನಿಂತು ಪೂರ್ತಿ ಒಂದು ಹಾಡು, ಕೋರಸ್ ಹಾರ್ಮನಿ ಸಮೇತ, ಗಂಟಲು ನೋವಿಲ್ಲದೆ ಹಾಡಿ ಮುಗಿಸ್ದೆ. ಇಷ್ಟು ದಿನ ತುಂಬಾ ಜನ ಮೆಸೇಜ್ ಮಾಡಿ ಹೇಗಿದೀಯ ಅಂತ ಕೇಳ್ತಾನೇ ಇದ್ರಿ, ಸರಿಯಾಗಿ ಉತ್ತರ ಕೊಡೋಕೆ ಮನಸ್ಸೇ ಬರ್ತಿರ್ಲಿಲ್ಲ, ಯಾಕಂದ್ರೆ ಹೇಳೋಕೆ ಒಳ್ಳೇ ಸುದ್ದಿ ಇರ್ಲಿಲ್ಲ. ಈಗ ಇದೆ, ಅದಕ್ಕೇ ಎಲ್ಲರಿಗೂ ಸೇರಿಸಿ ಒಟ್ಟಿಗೆ ಬರೀತಿದೀನಿ.

ಗೊತ್ತಿಲ್ಲದೋರಿಗೆ ಒಂದೆರಡು ಮಾತು. ಧ್ವನಿ ಒಡೆಯೋಕೆ ಶುರುವಾಗಿ, ಮೇಲಿನ ಸ್ವರ ಬರೋದೇ ನಿಂತಾಗ ಇಎನ್‌ಟಿ ಡಾಕ್ಟರ್ ಕ್ಯಾಮೆರಾ ಹಾಕಿ ನೋಡಿ ವೋಕಲ್ ಕಾರ್ಡ್ (ಗಂಟಲಲ್ಲಿ ಧ್ವನಿ ಹುಟ್ಟಿಸೋ ತಂತುಗಳು) ಮೇಲೆ ನಾಡ್ಯೂಲ್ಸ್ ಆಗಿವೆ ಅಂದ್ರು. ಅಂದ್ರೆ ಎರಡೂ ಕಡೆ ಸಣ್ಣ ಗಂಟು. ಅವು ಇರೋದ್ರಿಂದ ಕಾರ್ಡ್‌ಗಳು ಪೂರ್ತಿ ಮುಚ್ಚಲ್ಲ, ಗಾಳಿ ಸೋರುತ್ತೆ, ಧ್ವನಿ ಕರಕರ ಅನ್ನುತ್ತೆ. ಆಪರೇಷನ್ ಬೇಡ, ಮೊದಲು ಸ್ವಲ್ಪ ದಿನ ಮಾತೇ ಬೇಡ, ಆಮೇಲೆ ಸ್ಪೀಚ್ ಥೆರಪಿ ಅಂತ ಹೇಳಿದ್ರು. ಪಿಸುಮಾತೂ ಆಡಬೇಡಿ, ಅದರಲ್ಲೂ ಗಂಟಲು ಬಿಗಿಯಾಗುತ್ತೆ ಅಂದಾಗ ನಿಜವಾಗ್ಲೂ ಭಯ ಆಯ್ತು. ಮನೇಲಿ ಎಲ್ಲಾ ಫೋನಲ್ಲಿ ಟೈಪ್ ಮಾಡಿ ತೋರಿಸ್ತಿದ್ದೆ. ಹಾಡೋದಂತೂ ಬಿಡಿ, ಸುಮ್ನೆ ಗುನುಗೋ ಹಾಗೂ ಇಲ್ಲ. ಹದಿನೈದು ಹದಿನಾರನೇ ವಯಸ್ಸಿಂದ ಬಾಯಲ್ಲಿ ಯಾವುದಾದ್ರೂ ಟ್ಯೂನ್ ಇಲ್ದೆ ಇರದವನಿಗೆ ಅದು ಎಷ್ಟು ಕಷ್ಟ ಅಂತ ಹಾಡೋರಿಗೆ ಗೊತ್ತು.

ಆ ಟೈಮಲ್ಲಿ ನಾನು ಕೇಳ್ತಿದ್ದಿದ್ದು ಹೆಚ್ಚುಕಮ್ಮಿ ಒಂದೇ ಆಲ್ಬಮ್, 2009ರ ನವೆಂಬರ್‌ನಲ್ಲಿ ಬಂದ ಡಬ್ಲ್ಯೂ.ಇ.ಟಿ. ಬ್ಯಾಂಡ್‌ನ ಮೊದಲನೇದು, ಹೆಸರೂ ಬ್ಯಾಂಡ್ ಹೆಸರೇ. ಮೆಲಾಡಿಕ್ ಹಾರ್ಡ್ ರಾಕ್ ಕೇಳೋರಿಗೆ ಹೇಳ್ಬೇಕಾಗಿಲ್ಲ, ಬೇರೆಯೋರಿಗೆ ಹೇಳ್ತೀನಿ. ವರ್ಕ್ ಆಫ್ ಆರ್ಟ್, ಎಕ್ಲಿಪ್ಸ್, ಟ್ಯಾಲಿಸ್ಮನ್ ಅಂತ ಮೂರು ಬ್ಯಾಂಡ್, ಅವುಗಳ ಮೊದಲ ಅಕ್ಷರ ಸೇರಿಸಿದ್ರೆ ಈ ಹೆಸರು. ವರ್ಕ್ ಆಫ್ ಆರ್ಟ್‌ನಿಂದ ರಾಬರ್ಟ್ ಸಾಲ್, ಎಕ್ಲಿಪ್ಸ್‌ನಿಂದ ಎರಿಕ್ ಮಾರ್ಟೆನ್ಸನ್, ಇಬ್ಬರೂ ಸ್ವೀಡನ್‌ನವರು. ಟ್ಯಾಲಿಸ್ಮನ್‌ನಿಂದ ಅಮೆರಿಕದ ಗಾಯಕ ಜೆಫ್ ಸ್ಕಾಟ್ ಸೊಟೊ. ಇವರನ್ನ ಒಟ್ಟಿಗೆ ಕೂರಿಸಿದ್ದು ಇಟಲಿಯ ಫ್ರಾಂಟಿಯರ್ಸ್ ರೆಕಾರ್ಡ್ಸ್ ಅನ್ನೋ ಮ್ಯೂಸಿಕ್ ಲೇಬಲ್. ಲೇಬಲ್‌ನೋರು ಜೋಡಿಸಿದ ಪ್ರಾಜೆಕ್ಟ್ ಅಂದ್ರೆ ನಮ್ಮ ಫ್ಯಾನ್ಸ್‌ಗೆ ಸ್ವಲ್ಪ ಅನುಮಾನ ಜಾಸ್ತಿ, ದೊಡ್ಡ ಹೆಸರುಗಳನ್ನ ಕವರ್ ಮೇಲೆ ಹಾಕಿ ಒಳಗೆ ಸಪ್ಪೆ ಹಾಡು ತುಂಬಿಸಿರ್ತಾರೆ ಅಂತ, ಮತ್ತೆ ಆ ಅನುಮಾನ ಸುಳ್ಳಲ್ಲ, ಅಂಥವು ಎಷ್ಟೋ ಬಂದು ಹೋಗಿವೆ. ಆದ್ರೆ ಇದು ಬೇರೆ. ಸಾಲ್ ಅವರ ಕೈಯಲ್ಲಿ ಅಮೆರಿಕದ ಟೋಟೊ ಬ್ಯಾಂಡ್ ಥರದ ನಯವಾದ ಸ್ವರಜೋಡಣೆ ಇದೆ, ಮಾರ್ಟೆನ್ಸನ್ ಹತ್ರ ಗಿಟಾರ್ ಪೆಟ್ಟು ಇದೆ, ಕೋರಸ್ ಎಲ್ಲಿ ಬರಬೇಕು ಅನ್ನೋ ಅಂದಾಜು ಇದೆ, ಇವೆರಡರ ಮೇಲೆ ಸೊಟೊ ಧ್ವನಿ ಬಂದು ಕೂತಾಗ ನಯ ಅನ್ನೋದು ಜಾಳಾಗಲ್ಲ, ಪೆಟ್ಟು ಅನ್ನೋದು ಬರೀ ಗಲಾಟೆ ಆಗಲ್ಲ. ಮೂರು ಬ್ಯಾಂಡ್‌ಗಳಲ್ಲಿ ಒಂದೊಂದರಲ್ಲಿ ಇಲ್ಲದ್ದು ಇನ್ನೊಂದರಿಂದ ಬಂದಿದೆ ಇಲ್ಲಿ. ಫ್ಯಾನ್ಸ್ ಇದನ್ನ ಇಷ್ಟು ಹಚ್ಕೊಂಡಿರೋದಕ್ಕೆ ನನ್ನ ಪ್ರಕಾರ ಇದೇ ಕಾರಣ, ಹೆಸರುಗಳಲ್ಲ.

ಮಾತಾಡೋ ಹಾಗಿಲ್ಲದಾಗ ಕೇಳೋ ರೀತಿನೇ ಬದಲಾಗುತ್ತೆ. ಮೊದಲೆಲ್ಲ ನಾನು ಸೊಟೊ ಜೊತೆ ಮೇಲಿನ ಲೈನ್ ಹಾಡ್ಕೊಂಡೇ ಕೇಳ್ತಿದ್ದೆ. ಬಾಯಿ ಮುಚ್ಚಿದ ಮೇಲೆ ಅದರ ಕೆಳಗಿರೋದೆಲ್ಲ ಕೇಳಿಸೋಕೆ ಶುರು ಆಯ್ತು. 'ಒನ್ ಲವ್' ಹಾಡಿನ ಕೋರಸ್ ತಗೊಳ್ಳಿ. ಅದನ್ನ ಹೆಡ್‌ಫೋನ್‌ನಲ್ಲಿ ಸಣ್ಣ ವಾಲ್ಯೂಮ್‌ನಲ್ಲಿ ಕೇಳಿ, ಲೀಡ್, ಅಂದ್ರೆ ಮುಖ್ಯ ಧ್ವನಿ ಬಿಟ್ಟು ಹಿಂದಿನ ಧ್ವನಿಗಳ ಬೆನ್ನು ಹತ್ತಿ. ಒಂದರ ಮೇಲೊಂದು ಪದರ ಪದರವಾಗಿ ಇಟ್ಟಿದ್ದಾರೆ, ಯಾವುದೂ ಮುಂದೆ ನುಗ್ಗಲ್ಲ, ಆದ್ರೆ ಅದನ್ನ ತೆಗೆದ್ರೆ ಇಡೀ ಕೋರಸ್ ಕುಸಿಯುತ್ತೆ. ನಮ್ಮ ಬ್ಯಾಂಡ್‌ನಲ್ಲಿ ನನ್ನ ಕೆಲಸ ಅದೇ ತಾನೇ, ಲೀಡ್ ಹಿಂದೆ ನಿಂತು ಹಾರ್ಮನಿ ಹಾಡೋದು. ಇಷ್ಟು ವರ್ಷ ಮಾಡಿದ ಕೆಲಸದ ಬೆಲೆ ಅದನ್ನ ಮಾಡೋಕಾಗದೇ ಇದ್ದಾಗ ಗೊತ್ತಾಯ್ತು ನನಗೆ. 'ಕಮ್ಸ್ ಡೌನ್ ಲೈಕ್ ರೇನ್' ಬಗ್ಗೆ ಹೆಚ್ಚು ಬರೆಯಲ್ಲ, ಅದನ್ನ ಕೇಳಿ ಎರಡು ಮೂರು ಸಲ ಅತ್ತಿದೀನಿ, ಅಷ್ಟು ಸಾಕು.

ಇನ್ನೊಂದು ವಿಷ್ಯ ಹೇಳ್ಲೇಬೇಕು. ಟ್ಯಾಲಿಸ್ಮನ್ ಅಂದ್ರೆ ಮಾರ್ಸೆಲ್ ಜೇಕಬ್, ಆ ಬ್ಯಾಂಡ್ ಕಟ್ಟಿದ ಬಾಸ್ ಪ್ಲೇಯರ್. 1985ರ 'ಮಾರ್ಚಿಂಗ್ ಔಟ್' ಆಲ್ಬಮ್‌ನಲ್ಲಿ ಸ್ವೀಡನ್‌ನ ಗಿಟಾರಿಸ್ಟ್ ಇಂಗ್ವೇ ಮಾಲ್ಮ್‌ಸ್ಟೀನ್ ಜೊತೆ ಸೊಟೊ, ಜೇಕಬ್ ಇಬ್ಬರೂ ಇದ್ರು, ಅಲ್ಲಿಂದ ಬಂದ ಸ್ನೇಹ ಅದು. ಜೇಕಬ್ 2009ರ ಜುಲೈನಲ್ಲಿ ತೀರಿಕೊಂಡ್ರು. ನವೆಂಬರ್‌ನಲ್ಲಿ ಈ ಆಲ್ಬಮ್ ಬಂತು. ಟ್ಯಾಲಿಸ್ಮನ್ ಮತ್ತೆ ಮೊದಲಿನ ಹಾಗೆ ಬರುತ್ತೆ ಅನ್ನೋ ಆಸೆ ಮುಗಿದ ಆ ವರ್ಷದಲ್ಲೇ ಆ ಬ್ಯಾಂಡ್‌ನ ಅಕ್ಷರ ಹೊತ್ತ ಈ ರೆಕಾರ್ಡ್ ನಮ್ಮ ಕೈಗೆ ಸಿಕ್ತು. ಹಳೇ ಫ್ಯಾನ್ಸ್ ಇದನ್ನ ಎದೆಗೆ ಒತ್ತಿ ಇಟ್ಕೊಂಡಿರೋದರಲ್ಲಿ ಅದೂ ಇದೆ. ಸೊಟೊ ಅವರಿಗೂ ಆಗಿನ ವರ್ಷಗಳು ಸುಲಭ ಇರ್ಲಿಲ್ಲ ಅನ್ಸುತ್ತೆ, 2006ರಲ್ಲಿ ಅಮೆರಿಕದ ಜರ್ನಿ ಬ್ಯಾಂಡ್‌ಗೆ ಹಾಡೋಕೆ ಹೋದ್ರು, 2007ರಲ್ಲಿ ಅದೂ ಮುಗೀತು. ಅಷ್ಟಾದ್ಮೇಲೂ ಈ ಆಲ್ಬಮ್‌ನ ಮೊದಲ ಹಾಡಿಂದ ಆ ಗಂಟಲು ಹೇಗೆ ತೆರ್ಕೊಳ್ಳುತ್ತೆ ನೋಡಿ! ಧ್ವನಿ ಇಲ್ಲದೆ ಕೂತಿದ್ದ ನನಗೆ ಅದನ್ನ ಕೇಳಿ ಹೊಟ್ಟೆಕಿಚ್ಚು ಆಗ್ಲಿಲ್ಲ, ಧೈರ್ಯ ಬಂತು.

ಹೀಗೇ ಬೇರೆ ಬೇರೆ ಬ್ಯಾಂಡ್‌ನೋರು ಸೇರಿ ಮಾಡಿದ ಬ್ಯಾಂಡ್‌ಗಳು ಮೊದಲೂ ಇದ್ವು. 1982ರ ಏಷ್ಯಾ ಬ್ಯಾಂಡ್ ಮೊದಲ ಆಲ್ಬಮ್ ಅಮೆರಿಕದ ಚಾರ್ಟ್‌ನಲ್ಲಿ ಒಂಬತ್ತು ವಾರ ನಂಬರ್ ಒನ್ ಇತ್ತು, 1990ರ ಡ್ಯಾಮ್ ಯಾಂಕೀಸ್ ಬ್ಯಾಂಡ್‌ನ ಆಲ್ಬಮ್ ಕೂಡ ದೊಡ್ಡ ಹಿಟ್. ಅಂಥ ಕಾಲ 2009ರಲ್ಲಿ ಇರ್ಲಿಲ್ಲ, ರೇಡಿಯೋ ಈ ಸಂಗೀತವನ್ನ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಆದ್ರೂ ಡಬ್ಲ್ಯೂ.ಇ.ಟಿ.ಯವರು ನಾಳೆ ಬೆಳಗ್ಗೆ ಎಲ್ಲಾ ರೇಡಿಯೋದಲ್ಲೂ ಬರುತ್ತೆ ಅನ್ನೋ ಥರ ಕೋರಸ್ ಬರೆದಿದ್ದಾರೆ. ಒಂದಕ್ಕೇ ನಿಲ್ಲಿಸ್ಲೂ ಇಲ್ಲ, 2013ರಲ್ಲಿ ಎರಡನೇದು, 2018ರಲ್ಲಿ, 2021ರಲ್ಲಿ ಮತ್ತೆ ಬಂದ್ರು. ಸಾಲ್, ಮಾರ್ಟೆನ್ಸನ್, ಸೊಟೊ, ಗಿಟಾರ್ ನುಡಿಸಿದ ಮ್ಯಾಗ್ನಸ್ ಹೆನ್ರಿಕ್ಸನ್, ಡ್ರಮ್ಸ್ ಬಾರಿಸಿದ ರಾಬನ್ ಬಾಕ್, ನಿಮಗೆಲ್ಲ ಈ ಬರಹ ತಲುಪಲ್ಲ ಅಂತ ಗೊತ್ತು, ಆದ್ರೂ ಹೇಳ್ತೀನಿ, ತುಂಬಾ ತುಂಬಾ ಥ್ಯಾಂಕ್ಸ್.

ಈಗ ನನ್ನ ಜನಕ್ಕೆ. ನಮ್ಮ ಬ್ಯಾಂಡ್‌ನ ಹುಡುಗರೇ, ಬೇರೆ ಹಾರ್ಮನಿ ಸಿಂಗರ್ ತಗೊಳ್ರೋ ಅಂತ ನಾನೇ ಟೈಪ್ ಮಾಡಿ ಕಳಿಸಿದ್ದೆ. ನೀವು ತಗೊಳ್ಲಿಲ್ಲ. ನನ್ನ ಲೈನ್‌ಗಳನ್ನ ಕೀಬೋರ್ಡ್‌ನಲ್ಲಿ ನುಡಿಸಿ ಸಂಭಾಳಿಸಿದ್ರಿ, ಪ್ರತಿ ಪ್ರಾಕ್ಟೀಸ್‌ಗೂ ನನ್ನ ಮೈಕ್ ಸ್ಟ್ಯಾಂಡ್ ಹಾಕಿದ್ರಿ, ಬಂದು ಸುಮ್ನೆ ಕೂತ್ಕೋ ಅಂದ್ರಿ. ಅದನ್ನ ಮರೆಯಲ್ಲ ನಾನು. ನನ್ನ ಹೆಂಡತಿಗೆ ಥ್ಯಾಂಕ್ಸ್ ಅನ್ನೋದು ಸಣ್ಣ ಮಾತು, ನಾನು ಟೈಪ್ ಮಾಡಿ ಮುಗಿಸೋವರೆಗೂ ಒಂದು ದಿನಾನೂ ಬೇಜಾರಿಲ್ಲದೆ ಕಾದಳು, ಬಂದ ಫೋನ್‌ಗಳಿಗೆಲ್ಲ ನನ್ನ ಬದಲು ಅವಳೇ ಮಾತಾಡಿದಳು. ರಾತ್ರಿ ಹೊತ್ತು ಇದನ್ನೂ ಕೇಳು ಅಂತ ಹಾಡು ಕಳಿಸ್ತಿದ್ದ ಗೆಳೆಯರಿಗೆ, ಒಂದೊಂದೂ ಕೇಳಿದೀನಿ, ಉತ್ತರ ಕೊಡದೇ ಇದ್ರೂ.

ಕೊನೇದಾಗಿ ನಮ್ಮ ಸ್ಪೀಚ್ ಥೆರಪಿ ಮೇಡಂ. ಸ್ಟ್ರಾವನ್ನ ನೀರಲ್ಲಿ ಅದ್ದಿ ಗುಳ್ಳೆ ಬರೋ ಹಾಗೆ ಮೆಲ್ಲಗೆ ಊ ಅಂತ ಧ್ವನಿ ಬಿಡೋದನ್ನ ಇವರು ಕಲಿಸಿದ್ರು, ಬಾಯಿ ಕಡೆಯಿಂದ ವಾಪಸ್ ಬರೋ ಒತ್ತಡಕ್ಕೆ ಕಾರ್ಡ್‌ಗಳು ಜೋರಾಗಿ ಬಡ್ಕೊಳ್ಳಲ್ಲ, ಅದು ಅದರ ಗುಟ್ಟು. ಒಂದು ದಿನ ನಾನು ಆ ಸ್ಟ್ರಾದಲ್ಲೇ 'ಒನ್ ಲವ್' ಟ್ಯೂನ್ ಊದಿದ್ದಕ್ಕೆ ಅವರು ತಡೀಲಿಲ್ಲ, ಯಾವ ಹಾಡು ಅಂತ ಕೇಳಿ, ಹಾಗಾದ್ರೆ ಇನ್ಮೇಲೆ ಅದರಲ್ಲೇ ಪ್ರಾಕ್ಟೀಸ್ ಮಾಡಿ ಅಂದ್ರು. ಮೇಡಂ, ಆಲ್ಬಮ್ ಸಿಡಿ ಆರ್ಡರ್ ಮಾಡಿದೀನಿ, ಮುಂದಿನ ಚೆಕಪ್‌ಗೆ ಬರೋವಾಗ ತಂದು ಕೊಡ್ತೀನಿ, ಎರಡನೇ ಹಾಡಿಂದ ಶುರು ಮಾಡಿ.