ಗೆಳೆಯನಿಗೊಂದು ಪತ್ರ: ತಃಖ್ತೆಯಲ್ಲಿ ಕಾಣದ ಖಾಲಿ

ಪ್ರೀತಿಯ ಗೆಳೆಯಾ,

ಖಾಲಿ ಹುದ್ದೆಗಳ ತಃಖ್ತೆ, ಅಂದರೆ ವಿವರಪಟ್ಟಿ, ಸಿದ್ಧಪಡಿಸುವುದರಲ್ಲೇ ತಿಂಗಳು ಕಳೆಯಿತೆಂದು ನೀನು ಬರೆದಿದ್ದೆ. ರಾಜ್ಯದಲ್ಲಿ ಮಂಜೂರಾದ ಸುಮಾರು 7.7 ಲಕ್ಷ ಹುದ್ದೆಗಳಲ್ಲಿ 2.5 ಲಕ್ಷಕ್ಕೂ ಹೆಚ್ಚು ಖಾಲಿ ಇವೆ, ಅವುಗಳಲ್ಲಿ ಹೆಚ್ಚಿನವು ನಮ್ಮಂಥ ಗುಮಾಸ್ತರ ಗ್ರೂಪ್ ‘ಸಿ’ ಹುದ್ದೆಗಳು ಎಂಬುದು ನಿನಗೆ ನಾನು ಹೇಳಬೇಕಾದ ಸುದ್ದಿಯಲ್ಲ. ಆ ತಃಖ್ತೆಯ ಯಾವ ಕಲಮಿನಲ್ಲೂ ಬಾರದ ನಷ್ಟವೊಂದು ಈಚೆಗೆ ನನ್ನನ್ನು ಕಾಡುತ್ತಿದೆ.

ಮೊನ್ನೆ ಪಹಣಿಯ ಕಲಂ 3 (ಜಮೀನಿನ ಒಟ್ಟು ವಿಸ್ತೀರ್ಣ) ಮತ್ತು 9 (ಮಾಲೀಕರ ಹೆಸರಿನ ವಿಸ್ತೀರ್ಣ) ತಾಳೆಯಾಗದ ಕಡತವೊಂದು ಬಂತು. ತಪ್ಪು ಎಲ್ಲಿ ನುಸುಳಿತೆಂದು ತಿಳಿಯಲು ಕೈಬರಹದ ಹಳೆಯ ಪಹಣಿ, ಹಕ್ಕು ಬದಲಾವಣೆಯ ಮ್ಯುಟೇಷನ್ ವಹಿ, ಸರ್ವೆ ನಂಬರಿನ ವಿಸ್ತೀರ್ಣ ತೋರಿಸುವ ಆಕಾರಬಂದ್ ಇವನ್ನೆಲ್ಲ ಒಟ್ಟಿಗೆ ಹರಡಿಕೊಂಡು ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಓದುತ್ತ ಹೋಗಬೇಕು. ಇದನ್ನು ನಮಗೆ ಕಲಿಸಿದ್ದು ಸುತ್ತೋಲೆಯಲ್ಲ, ಪಕ್ಕದಲ್ಲಿ ಕುಳಿತ ಹಿರಿಯರು (ನಮ್ಮ ‘ಹಸಿರು ಇಂಕಿನ ದೊರೆ’ ನೆನಪಿರಬೇಕಲ್ಲ). ಅವರೆಲ್ಲ ನಿವೃತ್ತರಾದರು. ನನ್ನ ಪಕ್ಕದ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುದ್ದೆ ಖಾಲಿಯಿದ್ದು, ಅದರ ಪ್ರಭಾರವೂ ನನ್ನದೇ. ಇನ್ನು ನಾನು ಯಾರಿಗೆ ಕಲಿಸಲಿ?

ಕಲಿಯುತ್ತಿರುವವಳು ಒಬ್ಬಳಿದ್ದಾಳೆ, ಹೊರಗುತ್ತಿಗೆಯ ಡೇಟಾ ಎಂಟ್ರಿ ಹುಡುಗಿ. ವಹಿಯ ಮಾಸಿದ ಅಕ್ಷರವನ್ನು ನನಗಿಂತ ಬೇಗ ಓದುತ್ತಾಳೆ. ಆದರೆ ಟಿಪ್ಪಣಿಗೆ ಸಹಿ ಹಾಕುವ ಅಧಿಕಾರ ಅವಳಿಗಿಲ್ಲ, ಮುಂದಿನ ವರ್ಷ ಇಲ್ಲೇ ಇರುವ ಭರವಸೆಯೂ ಇಲ್ಲ. 2021ರ ಜನವರಿಯಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆ ಮುಂದಕ್ಕೆ ಹೋದಾಗ ಅವಳು ಪದವಿ ಓದುತ್ತಿದ್ದಳಂತೆ. 2024ರ ಅಕ್ಟೋಬರಿನಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸಂಪುಟ ನಿರ್ಧರಿಸಿದಾಗ ಅರ್ಜಿ ಹಾಕಲು ಕಾದಿದ್ದಳು. ಒಳಮೀಸಲಾತಿ ನ್ಯಾಯವಾದದ್ದೇ, ಆದರೆ ದಶಕಗಳ ಕಾಲ ಅದನ್ನು ಮುಂದೂಡಿದವರು ಯಾರೋ, ವಯೋಮಿತಿಯ ಲೆಕ್ಕ ಹಾಕುತ್ತ ಕೂರುವವರು ಇಂಥ ಮಕ್ಕಳು.

ಇಷ್ಟು ಬರೆಯಬೇಕೆಂದಿರಲಿಲ್ಲ, ಆದರೂ ಹೇಳುತ್ತೇನೆ. ಅವಳು ಬಿಡುವಿನಲ್ಲಿ ಪರೀಕ್ಷೆಗೆ ಓದುವುದನ್ನು ಕಂಡಾಗ ನನ್ನೊಳಗೆ ಮೊದಲು ಏಳುವುದು ಸಂತೋಷವಲ್ಲ, ಇವಳೂ ಹೊರಟುಹೋದರೆ ಈ ಶಾಖೆಯ ಗತಿಯೇನು ಎಂಬ ಭಯ. ಮಗಳ ವಯಸ್ಸಿನವಳ ಏಳಿಗೆಗೆ ಹೆದರುವ ಸ್ಥಿತಿಗೆ ಒಂದು ಖಾಲಿ ಕುರ್ಚಿ ನನ್ನನ್ನು ತಂದಿದೆ.

ಸಾಕು ಬಿಡು. ನಿನ್ನ ಹಳೆಯ ನೋಟ್ಸ್ ಅಟ್ಟದ ಮೇಲೆ ಇನ್ನೂ ಇದ್ದರೆ ಅವಳಿಗಾಗಿ ಕಳುಹಿಸಿಕೊಡು. ಮೇಷ್ಟ್ರ ಚಿತ್ರ ಬಿಡಿಸಿದ ಪುಟಗಳನ್ನು ಮಾತ್ರ ಹರಿಯಬೇಡ. ಓದಿ ದಣಿದಾಗ ಅವೂ ಬೇಕಾಗುತ್ತವೆ.

ನಿನ್ನವ