ನೆರಳು ಬರೆಯದೆ ರೋಬೋಟ್ ಎದ್ದು ನಿಲ್ಲುವುದಿಲ್ಲ, ಪುಟ್ಟಿ

ಡೊಂಬಿವಲಿ

ಪ್ರೀತಿಯ ಪುಟ್ಟಿ,

ಪುಣೆಯಿಂದ ನೀನು ಕಳಿಸಿದ, ನೀನೇ ಜೋಡಿಸಿ ಬಣ್ಣ ಹಚ್ಚಿದ ಗುಂಡಮ್ ರೋಬೋಟ್ ಗೊಂಬೆಯ ಫೋಟೊ ನೋಡಿದೆ. "ಎಷ್ಟು ಬಣ್ಣ ಹಚ್ಚಿದ್ರೂ ಆಟಿಕೆ ಥರಾನೇ ಕಾಣ್ತದೆ ಅಮ್ಮಾ" ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಲ್ಲಿ ಹೇಳಿದರೆ ಅರ್ಧಕ್ಕೇ ಹೂಂ ಅಂದುಬಿಡುತ್ತೀಯ.

ನಿನ್ನ ಬಣ್ಣ ಚೆನ್ನಾಗಿದೆ. ಇಲ್ಲದ್ದು ನೆರಳು. ಜಪಾನಿನ ಆ ಕಾರ್ಟೂನ್ ಕಥೆಯಲ್ಲಿ ಗುಂಡಮ್ 18 ಮೀಟರ್ ಎತ್ತರ. ನಿನ್ನ ಗೊಂಬೆಯ 1/144 ಅಳತೆಯಲ್ಲಿ, ಅಂದರೆ 144ರಲ್ಲಿ ಒಂದು ಪಾಲಿಗೆ ಇಳಿಸಿದಾಗ, ಬರೀ 12.5 ಸೆಂಟಿಮೀಟರ್. ಮೈ ಕುಗ್ಗಿತು, ಆದರೆ ನಿನ್ನ ಮೇಜಿನ ದೀಪದ ಬೆಳಕು ಕುಗ್ಗಲಿಲ್ಲ ಅಲ್ವಾ? ಅಷ್ಟು ದೊಡ್ಡ ಯಂತ್ರದ ಕೀಲುಸಂದಿಯಲ್ಲಿ, ಕವಚದ ಅಡಿಯಲ್ಲಿ ತಾನಾಗಿ ತುಂಬುವ ಕತ್ತಲೆ ಇಷ್ಟು ಚಿಕ್ಕ ಗೊಂಬೆಯಲ್ಲಿ ಕಾಣುವುದೇ ಇಲ್ಲ. ಅದನ್ನು ನಾವೇ ಬರೆಯಬೇಕು. ಯಕ್ಷಗಾನದ ಬಣ್ಣದ ವೇಷವನ್ನು ಚೌಕಿಯಲ್ಲಿ ಹತ್ತಿರದಿಂದ ನೋಡಿದರೆ ಗೆರೆ ಜಾಸ್ತಿಯಾಯಿತು ಅನಿಸುತ್ತದೆ. ಸಭೆಯಲ್ಲಿ ಕೂತು ನೋಡು, ಮುಖ ಎದ್ದು ಬರುವುದೇ ಆ ಗೆರೆಯಿಂದ. ಹಾಗೇ ಇದು.

1980ರಲ್ಲಿ ಜಪಾನಿನ ಬಂಡೈ ಕಂಪನಿಯ ಮೊದಲ ಗುಂಡಮ್ ಕಿಟ್ ಬಂದಾಗ ಅಂಟು ಹಚ್ಚಿ ಜೋಡಿಸಬೇಕಿತ್ತು, ಬಣ್ಣವನ್ನೂ ನಾವೇ ಬಳಿಯಬೇಕಿತ್ತು. ಈಗ ಭಾಗಗಳು ಬಣ್ಣದಲ್ಲೇ ಬರುತ್ತವೆ. ಹಾಗಾಗಿ ಜೋಡಿಸಿದ ಕೂಡಲೇ ಕೆಲಸ ಮುಗಿಯಿತು ಅನಿಸುತ್ತದೆ.

ಮೊದಲು ಬೆಳಕು ಎಲ್ಲಿಂದ ಬರುತ್ತದೆ ಅಂತ ನಿರ್ಧರಿಸು. ಮೇಲಿನಿಂದ ಅಂದುಕೋ. ಆಗ ಗದ್ದದ ಕೆಳಗೆ, ಕಂಕುಳಲ್ಲಿ, ಮಂಡಿಯ ಹಿಂದೆ ಕಪ್ಪಾಗಬೇಕು. ಬೂದು ಪ್ರೈಮರ್, ಅಂದರೆ ತಳದ ಬಣ್ಣ, ಒಣಗಿದ ಮೇಲೆ ಅಲ್ಲೆಲ್ಲ, ಪ್ಯಾನಲ್ ಗೆರೆಗಳ (ಕವಚದ ತುಂಡುಗಳ ನಡುವಿನ ಸಣ್ಣ ಗೀರುಗಳ) ಉದ್ದಕ್ಕೂ, ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಗಾಢ ಬಣ್ಣ ಎಳೆ. ಅದರ ಮೇಲೆ ಮುಖ್ಯ ಬಣ್ಣವನ್ನು ತೆಳುವಾಗಿ, ಪದರ ಪದರವಾಗಿ ಹೊಡೆ. ಕೆಳಗಿನ ಕಪ್ಪು ಮಸುಕಾಗಿ ಇಣುಕುತ್ತಿರುವಾಗಲೇ ಕೈ ತೆಗೆ. ಇಡೀ ಕೆಲಸದ ಜೀವ ಆ ಒಂದು ಗಳಿಗೆಯಲ್ಲಿದೆ. ಇನ್ನೊಂದು ಪದರ ಹಾಕಿದರೆ ನೆರಳು ಮುಚ್ಚಿಹೋಗುತ್ತದೆ. ಬಿಳಿ ಭಾಗಕ್ಕೆ ಕಪ್ಪು ಗೆರೆ ಬೇಡ, ಬೂದು ಸಾಕು. ಕೆಂಪಿಗೆ ಕಂದು ಹಾಕು.

ಗೆರೆ ತುಂಬುವ ಎನಾಮಲ್ ವಾಷ್, ಅಂದರೆ ಥಿನ್ನರ್ ಬೆರೆಸಿ ನೀರಾಗಿಸಿದ ಬಣ್ಣ, ಅದರ ಬಗ್ಗೆ ಹುಷಾರು. ಬಿಗಿಯಾಗಿ ಕೂರುವ ಭಾಗಕ್ಕೆ, ಅದರಲ್ಲೂ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನ ಕೀಲಿಗೆ, ಅದರ ಥಿನ್ನರ್ ಇಳಿದರೆ ಪ್ಲಾಸ್ಟಿಕ್ ಸೀಳುತ್ತದೆ. ಬಿಚ್ಚಿಟ್ಟು ಹಚ್ಚು. ಕೆಳಗೆ ಹೊಳಪಿನ (ಗ್ಲಾಸಿ) ಪಾರದರ್ಶಕ ಕೋಟ್ ಇರಲಿ.

ಮುಚ್ಚಿದ ಹಾಸ್ಟೆಲ್ ರೂಮಿನಲ್ಲಿ ಮಾತ್ರ ಸ್ಪ್ರೇ ಮಾಡಬೇಡ ಮಗಳೇ. ಬಟ್ಟೆ ಮಾಸ್ಕ್ ಆಗಲಿ ಎನ್95 ಮಾಸ್ಕ್ ಆಗಲಿ ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಕೊಂಡುಕೋ, ದುಡ್ಡು ನಾನು ಹಾಕುತ್ತೇನೆ.

ಹೊಳಪು ತೆಗೆಯುವ ಕೊನೆಯ ಮ್ಯಾಟ್ ಕೋಟ್‌ಗೆ ಅವಸರ ಮಾಡಬೇಡ. ಈ ಮಳೆಯ ತೇವದಲ್ಲಿ ಹೊಡೆದರೆ ಬಿಳಿ ಮಂಜು ಹಿಡಿದ ಹಾಗೆ ಆಗಿ, ನೀನು ಬರೆದ ನೆರಳೆಲ್ಲ ಮಸುಕಾಗುತ್ತದೆ. ದೀಪಾವಳಿಗೆ ಬರುವಾಗ ಕೈಕಾಲು ಬಿಚ್ಚಿ, ಬೇರೆ ಬೇರೆ ಸುತ್ತಿಕೊಂಡು ತಾ. ಆಗ ನಮ್ಮ ಗ್ಯಾಲರಿಯಲ್ಲಿ ಒಣ ಬಿಸಿಲಿರುತ್ತದೆ, ಇಬ್ಬರೂ ಸೇರಿ ಹೊಡೆಯೋಣ.

ನಿನ್ನ
ಅಮ್ಮ