ರಜೆ ಇತ್ತು ಮಗಾ

ಲೋ ಮಗಾ,

ವಾಟ್ಸಾಪ್‌ನಲ್ಲಿ ಕಳಿಸಿದರೆ ನೀನು ಎರಡು ಸಾಲು ಓದಿ "ಆಮೇಲೆ ನೋಡ್ತೀನಿ" ಅಂತೀಯ. ನಾಲ್ಕು ಜನರ ಎದುರು ಬರೆದರೆ ಮರ್ಯಾದೆಗಾದರೂ ಪೂರ್ತಿ ಓದುತ್ತೀಯ ಅನ್ನೋ ಲೆಕ್ಕ ನಂದು. ಬ್ರಿಟ್ನಿ ವಿಷಯ ಎತ್ತಲ್ಲ, ಆಣೆ ಮಾಡಿದ್ದೇನೆ. ಮೊಸರುವಡೆ ವಿಷಯಕ್ಕೆ ಆಣೆ ಇಲ್ಲ.

ಮೊನ್ನೆ ರಾತ್ರಿ ಪಾತ್ರೆ ತೊಳೆಯುತ್ತಾ ಚಿಲ್ಡ್ರನ್ ಆಫ್ ಬೋಡಮ್‌ನ ಕೊನೆಯ ಶೋ ಹಾಕಿಕೊಂಡೆ. 2019ರ ಡಿಸೆಂಬರ್ 15, ಹೆಲ್ಸಿಂಕಿ ಐಸ್ ಹಾಲ್. ಆಲ್ಬಂ ಬಂದಿದ್ದು 2023ರಲ್ಲಿ, ಅದೇ ತಾರೀಖಿಗೆ. ಇಷ್ಟು ದಿನ ಕೇಳಿರಲಿಲ್ಲ. ಯಾಕೆ ಅಂತ ಕೇಳಬೇಡ, ಅದಕ್ಕೇ ಬರುತ್ತಿದ್ದೇನೆ. ಕೊನೆಯ ಹಾಡು 'ಡೌನ್‌ಫಾಲ್' ಶುರುವಾದಾಗ ಕುಕ್ಕರ್ ಗ್ಯಾಸ್ಕೆಟ್ ಕೈಯಲ್ಲಿ ಹಿಡಿದು ನಿಂತವನು ಹಾಗೇ ನಿಂತುಬಿಟ್ಟೆ. ನಲ್ಲಿ ಸುಮ್ನೆ ಹರಿಯುತ್ತಿತ್ತು. ಸಂಪ್‌ನಲ್ಲಿ ನೀರಿಲ್ಲದ ದಿನ ಬೇರೆ.

(ಇಣುಕಿ ನೋಡುತ್ತಿರುವ ಉಳಿದವರಿಗೆ: ಇದು ಫಿನ್‌ಲೆಂಡಿನ ಎಸ್ಪೋ ಊರಿನ ಹುಡುಗರ ಬ್ಯಾಂಡ್. ಮೆಲೊಡಿಕ್ ಡೆತ್ ಮೆಟಲ್ ಅಂದರೆ ಮೇಲೆ ಗಂಟಲು ಕಿತ್ತುಹೋಗುವಂಥ ಕೂಗು, ಕೆಳಗೆ ಸ್ನಾನ ಮಾಡುವಾಗ ಗುನುಗಬಹುದಾದ ರಾಗ. ಬೋಡಮ್ ಆ ಊರಿನ ಕೆರೆ. 1960ರಲ್ಲಿ ಅದರ ದಂಡೆಯಲ್ಲಿ ಟೆಂಟ್ ಹಾಕಿದ್ದ ನಾಲ್ವರಲ್ಲಿ ಮೂವರ ಕೊಲೆಯಾಯಿತು. ಯಾರು ಮಾಡಿದ್ದು ಅಂತ ಇವತ್ತಿಗೂ ಇತ್ಯರ್ಥವಾಗಿಲ್ಲ.)

ಹಾಡುಗಾರ, ಗಿಟಾರಿಸ್ಟ್ ಅಲೆಕ್ಸಿ ಲೈಹೋ ಮತ್ತು ಡ್ರಮ್ಮರ್ ಯಾಸ್ಕಾ 1993ರಲ್ಲಿ ಶುರು ಮಾಡಿದಾಗ ಅಲೆಕ್ಸಿಗೆ 14 ವರ್ಷ. ಆಗ ಬ್ಯಾಂಡಿನ ಹೆಸರು ಇನ್‌ಅರ್ಥ್ಡ್. ಸಣ್ಣ ಕಂಪನಿಯೊಂದರ ಜೊತೆ ಒಪ್ಪಂದಕ್ಕೆ ಸಿಕ್ಕಿಕೊಂಡು, ತಪ್ಪಿಸಿಕೊಳ್ಳೋಕೆ ಹೆಸರನ್ನೇ ಬದಲಾಯಿಸಿಬಿಟ್ಟರು. ನಾವು ಬಾಡಿಗೆ ಡ್ರಮ್ಸ್ ಅಂಗಡಿಯವನಿಗೆ ಮಾಡಿದ್ದೂ ಇದೇ ಅಲ್ವಾ? ಅವರು ಮಾಡಿದರೆ ಚರಿತ್ರೆ.

ನಿನಗೆ 'ಟೋಕಿಯೋ ವಾರ್‌ಹಾರ್ಟ್ಸ್' ಕ್ಯಾಸೆಟ್ ನೆನಪಿದೆಯಾ, ನಿಮ್ಮಣ್ಣನ ಭಕ್ತಿಗೀತೆ ಕ್ಯಾಸೆಟ್ ಮೇಲೆ ನೀನು ಕಾಪಿ ಹೊಡೆದದ್ದು? ಜಪಾನಿನಲ್ಲಿ 1999ರಲ್ಲಿ ಮಾಡಿದ ಲೈವ್. ಅದರಲ್ಲಿ ಅಲೆಕ್ಸಿಯ ಗಿಟಾರಿಗೂ ಯಾನ್ನೆ ವಿರ್ಮಾನ್‌ನ ಕೀಬೋರ್ಡಿಗೂ ಜಗಳ ಬೀಳುತ್ತದೆ. ಇವನೊಂದು ಸಾಲು ಎಸೆದರೆ ಅವನು ಅದಕ್ಕಿಂತ ಜೋರಾಗಿ ತಿರುಗಿ ಎಸೆಯುತ್ತಾನೆ, ನಮ್ಮ ತನಿ ಆವರ್ತನದಲ್ಲಿ ಮೃದಂಗ ಘಟಂ ಮಾಡುವ ಹಾಗೆ. ಅದಕ್ಕಾಗಿಯೇ ತಾನೇ ನೀನು ಗಿವ್ಸನ್ ಗಿಟಾರ್ ತಂದದ್ದು, ನಾನು ಕ್ಯಾಸಿಯೋ ಕೀಬೋರ್ಡ್ ತಂದದ್ದು. ಕುವೆಂಪುನಗರದ ನಿಮ್ಮ ಮಹಡಿ ಕೋಣೆ, ಕೆಳಗಿನಿಂದ ನಿಮ್ಮಮ್ಮ "ಆ ಹುಡುಗನಿಗೆ ಶುಂಠಿ ಕಷಾಯ ಕೊಡ್ಲೇನೋ?" ಅಂತ ಕೂಗುವುದು. ಪಾಪ, ನಿಜವಾಗಿಯೂ ಗಂಟಲು ನೋವು ಅಂದುಕೊಂಡಿದ್ದರು.

ಮೊನ್ನೆ ನಲ್ಲಿ ಮುಂದೆ ನಿಂತಾಗ ಒಂದು ವಿಷಯ ಹೊಳೆಯಿತು. ನಾವು ಬಾರಿಸುತ್ತಿದ್ದ ಜಗಳ ಆ ಕ್ಯಾಸೆಟ್ಟಿನಷ್ಟು ವೇಗ ಇರಲೇ ಇಲ್ಲ. ನಿನ್ನ ಕೈಗೆ ಆ ವೇಗ ಬರುತ್ತಿತ್ತು. ನಾನಿಲ್ಲದಾಗ ನೀನು ಒಬ್ಬನೇ ಬಾರಿಸುವುದನ್ನು ಮೆಟ್ಟಿಲ ಮೇಲೆ ನಿಂತು ಒಂದು ಸಲ ಕೇಳಿದ್ದೇನೆ. ಒಳಗೆ ಬಂದೆ, ನೀನು ನಿಧಾನ ಮಾಡಿದೆ. ಮುಖದಲ್ಲಿ ಏನೂ ತೋರಿಸಲಿಲ್ಲ. ಎರಡು ವರ್ಷ ಹಾಗೇ ನಿಧಾನ ಮಾಡಿದೆ.

ಆಮೇಲೆ ನಾನು ಕೆಲಸ ಸಿಕ್ಕಿತು ಅಂತ ಬ್ಯಾಂಡ್ ಬಿಟ್ಟೆ. ಕೆಲಸ ಸಿಕ್ಕಿದ್ದು ಬಿಟ್ಟು ನಾಲ್ಕು ತಿಂಗಳಾದ ಮೇಲೆ.

2019ರಲ್ಲಿ ನೀನು ಸ್ಟಾಕ್‌ಹೋಮ್‌ನಿಂದ ಫೋನ್ ಮಾಡಿ, "ಮೂರು ಜನ ಬೋಡಮ್ ಬಿಡ್ತಾ ಇದ್ದಾರಂತೆ, ಇದೇ ಕೊನೇದು, ಹೆಲ್ಸಿಂಕಿಗೆ ಬಾರೋ, ಟಿಕೆಟ್ ನಾನು ಹಾಕ್ತೀನಿ" ಅಂದೆ. ನಾನು ರಜೆ ಸಿಗಲ್ಲ ಅಂದೆ. ರಜೆ ಇತ್ತು ಮಗಾ. 11 ದಿನ ಇತ್ತು. ವೀಸಾ ಕೆಲಸ, ಚಳಿ, ದುಡ್ಡು, ಇವೆಲ್ಲ ಆಮೇಲೆ ಹುಡುಕಿಕೊಂಡ ಕಾರಣ. ಸ್ಟೇಜ್ ಮೇಲೆ ಯಾನ್ನೆ ಬಾರಿಸುವಾಗ ನಿನ್ನ ಪಕ್ಕ ನಿಲ್ಲೋಕೆ ನನಗೆ ಆಗುತ್ತಿರಲಿಲ್ಲ, ಅಷ್ಟೇ. ನೀನು ಒಬ್ಬನೇ ಹೋದೆ. 40 ಸೆಕೆಂಡಿನ ವಿಡಿಯೋ ಕಳಿಸಿದೆ, ಮುಂದಿನವನ ತಲೆಯೇ ಜಾಸ್ತಿ ಕಾಣುವಂಥದ್ದು.

ಮುಂದೆ ಅಲೆಕ್ಸಿ ಹಳೇ ಹೆಸರು ಬಿಟ್ಟು ಬೋಡಮ್ ಆಫ್ಟರ್ ಮಿಡ್‌ನೈಟ್ ಅಂತ ಹೊಸದಾಗಿ ಶುರು ಮಾಡಿದ. ಬಂದಿದ್ದು ಒಂದೇ ಒಂದು ಇಪಿ, ಅಂದರೆ ಪುಟ್ಟ ಆಲ್ಬಂ, ಮೂರೇ ಹಾಡಿನದು. ಅದು ಬಂದಿದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅವನೇ ಇರಲಿಲ್ಲ. 2020ರ ಡಿಸೆಂಬರ್ ಕೊನೆಗೆ ಹೋಗಿಬಿಟ್ಟಿದ್ದ, 41 ವರ್ಷಕ್ಕೆ. ಸುದ್ದಿ ಹೊರಗೆ ಬಂದದ್ದು ಜನವರಿ 4ಕ್ಕೆ. ಅವತ್ತು ನೀನು ಬರೆದದ್ದು ಒಂದೇ ಸಾಲು: "ಹೋದ ಕಣೋ." ನಾನು ಅದನ್ನು ಮೂರು ದಿನ ನೋಡಿ ನೋಡಿ, ಕೈಮುಗಿಯುವ ಇಮೋಜಿ ಒಂದು ಕಳಿಸಿದೆ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಯಾರದೋ ದೊಡ್ಡಪ್ಪ ತೀರಿಕೊಂಡಾಗ ಕಳಿಸುತ್ತೇವಲ್ಲ, ಅದೇ.

ಆ ಮೂವರು ಯಾಕೆ ಬಿಟ್ಟರು, ಆಮೇಲೆ ಅವರಿಗೆ ಹೇಗಾಯಿತು ಅಂತ ನಾನು ಹೇಳೋಕೆ ಹೋಗಲ್ಲ. ಅವರು 22 ವರ್ಷ ಜೊತೆಗೆ ಬಾರಿಸಿದವರು. ನಾನು ಎರಡು ವರ್ಷ ತಾಳ ತಪ್ಪಿದವನು.

ಅಯ್ಯೋ, ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಹೇಳಬೇಕು ಅಂದುಕೊಂಡಿದ್ದು ಇಷ್ಟೇ: ಆ ಕ್ಯಾಸಿಯೋ ಮಾರಿದೆ. ಎದುರು ಮನೆಯ ಹುಡುಗಿ ಈಗ ಅದರಲ್ಲಿ 'ಲಂಬೋದರ ಲಕುಮಿಕರ' ಕಲಿಯುತ್ತಿದ್ದಾಳೆ, ನನಗಿಂತ ಚೆನ್ನಾಗಿ ಬಾರಿಸುತ್ತಾಳೆ. ಅರ್ಧ ದುಡ್ಡು ನಿಂದು ಅಂತ ನೆನಪಿದೆ, 1,750 ರೂಪಾಯಿ. ಬಡ್ಡಿ ಕೇಳಬೇಡ, ಮೊಸರುವಡೆ ಲೆಕ್ಕಕ್ಕೆ ವಜಾ ಮಾಡಿಕೋ.

ಇಂತಿ,
ನಿನ್ನ ಕೀಬೋರ್ಡು